ಏರಿನಲ್ಲಿ ನಡುಗುವ ಕಾರು

ಆ ಭಾನುವಾರ ಬೆಳಿಗ್ಗೆ ನಮ್ಮವರು ನನ್ನನ್ನು ಹದಿನಾಲ್ಕು ಸಲ ಬೈದರು. ಎಣಿಸಿದವಳು ನಾನೇ. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಗೋವಾದ ಸಾಂಖಳಿ ಪೇಟೆಯಿಂದ ನಮ್ಮ ಮನೆಯ ಕಡೆ ಹತ್ತುವ ಏರಿನ ನಟ್ಟನಡುವೆ ಕಾರು ನಿಲ್ಲಿಸುವುದು, ಒಂದು ಬೆರಳಷ್ಟೂ ಹಿಂದೆ ಜಾರದಂತೆ ಮತ್ತೆ ಮುಂದಕ್ಕೆ ಎತ್ತುವುದು, ಇದು ಅಂದಿನ ಪಾಠ. ಅವರು ಎಡಗಡೆ ಸೀಟಿನಲ್ಲಿ ಕುಳಿತು, ತೊಡೆಯ ಮೇಲೆ ಬಿಸಿ ಪಾವಿನ ಪೊಟ್ಟಣ ಇಟ್ಟುಕೊಂಡು, "ಹಿಡಿ, ಹಿಡಿ, ಎಕ್ಸಲೇಟರ್ ಮ್ಯಾಲ ಹಿಡಿ. ಬ್ರೇಕಿಗೆ ಯಾಕ ಕಾಲು ಒಯ್ತಿ? ಬ್ರೇಕು ಅಂಜುಬುರುಕರು ಹಿಡಿಯೋದು" ಎನ್ನುತ್ತಿದ್ದರು. ಹಿಂದಿದ್ದ ಸ್ಕೂಟರಿನವನು ಹಾರ್ನ್ ಹೊಡೆದಾಗ ಅವನಿಗೂ ಬೈದರು; ಅದನ್ನು ನಾನು ಎಣಿಕೆಗೆ ಹಿಡಿದಿಲ್ಲ. ಮನೆಗೆ ಬಂದು ಪಾವು ಭಾಜಿ ತಿಂದರು, ಮಧ್ಯಾಹ್ನ ಮಲಗಿದರು, ಸಂಜೆ ಕಾರು ತೊಳೆದರು. ಸೋಮವಾರ ಬೆಳಿಗ್ಗೆ ನೀರಿನ ಟ್ಯಾಂಕರ್ ತೆಗೆದುಕೊಂಡು ಹೋದರು. ಟ್ಯಾಂಕರ್ ತುಂಬುವ ತನಕ ಎಂದು ಬಾವಿಯ ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ನಡೆದದ್ದು ಅಷ್ಟೇ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಕಾರಿನ ಬಗ್ಗೆ ಬರೆಯಬಲ್ಲೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಅನುಮಾನದ ಹೆಂಗಸು. ಹುಟ್ಟುಗುಣ ಸ್ವಲ್ಪ ಇರಬಹುದು, ಉಳಿದದ್ದು ಕೆಲಸ ಕಲಿಸಿದ್ದು. ಔಷಧಿ ಕಾರ್ಖಾನೆಯಲ್ಲಿ ನನ್ನ ಮುಂದೆ ಪಟ್ಟಿಯ ಮೇಲೆ ಗುಳಿಗೆಯ ಸ್ಟ್ರಿಪ್ಪುಗಳು ಸಾಲಾಗಿ ಸಾಗುತ್ತವೆ. ಯಾವ ಗುಂಡಿಯಲ್ಲಿ ಗುಳಿಗೆ ಇಲ್ಲ, ಯಾವುದರಲ್ಲಿ ಅರ್ಧ ಇದೆ ಎಂದು ನೋಡಿ ಎತ್ತಿ ಹಾಕುವುದು ನನ್ನ ಕೆಲಸ. ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಂಬಿದರೆ ಸಂಬಳ ಕೊಡುವುದಿಲ್ಲ. ಏನೋ ತಪ್ಪಿದೆ ಎಂದು ನಂಬಿದ್ದಕ್ಕೇ ಕೊಡುತ್ತಾರೆ. ಹದಿನಾರು ವರ್ಷ ಹೀಗೆ ಹೊಟ್ಟೆಪಾಡಿಗಾಗಿ ಅನುಮಾನಪಟ್ಟವಳಿಗೆ ಸಂಜೆ ಮನೆಗೆ ಬಂದ ಮೇಲೆ ಆ ಕಣ್ಣನ್ನು ಕಳಚಿ ಗೂಟಕ್ಕೆ ಹಾಕಲು ಆಗುವುದಿಲ್ಲ. ಬದನೆಕಾಯಿ ಮಾರುವವಳ ನಗು ಸ್ವಲ್ಪ ಹೆಚ್ಚಾದರೂ ನಾನು ಬದನೆಕಾಯಿ ತಿರುವಿ ನೋಡುತ್ತೇನೆ. ನಮ್ಮವರು, "ನಿನಗ ದೇವರು ಪ್ರತ್ಯಕ್ಷ ಆದ್ರೂ ಮೊದಲ ಆಧಾರ್ ಕಾರ್ಡ್ ಕೇಳ್ತಿ" ಎನ್ನುತ್ತಿದ್ದರು. ಅವರೊಬ್ಬರ ಮೇಲೆ ಮಾತ್ರ ನಾನು ಎಂದೂ ಅನುಮಾನಪಡಲಿಲ್ಲ. ಯಂತ್ರದ ವಿಷಯದಲ್ಲಿ ಅಂತೂ ಇಲ್ಲವೇ ಇಲ್ಲ.

ಏಕೆಂದರೆ ಅವರ ಕಿವಿ ಅಂಥದ್ದು. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದ ಹೊಸತರಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು, ಗಣಿಯಿಂದ ಹೊಳೆದಂಡೆಯ ಜೆಟ್ಟಿಗೆ. ಗಣಿ ನಿಂತ ಮೇಲೆ ಟ್ಯಾಂಕರ್ ಹಿಡಿದರು. ಉದ್ದನೆಯ ಒಂದು ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರೆ ಒಳಗೆ ಯಾವ ಬೇರಿಂಗ್ ನರಳುತ್ತಿದೆ ಎಂದು ಹೇಳುತ್ತಿದ್ದರು. ದೂರದ ಸಾಂಗೆ, ಕೆಪೆ ಊರುಗಳಿಂದಲೂ ನಮ್ಮ ಕಡೆಯ ಡ್ರೈವರುಗಳು ಹಳೆಯ ಗಾಡಿ ಕೊಳ್ಳುವ ಮುಂಚೆ ಅವರನ್ನು ಕರೆದುಕೊಂಡು ಹೋಗುತ್ತಿದ್ದರು, ಹೆಣ್ಣು ನೋಡಲು ಹಿರಿಯರನ್ನು ಕರೆದೊಯ್ಯುವ ಹಾಗೆ. ನಮ್ಮ ಕಾರನ್ನೂ ಹಾಗೆಯೇ ಆರಿಸಿದರು. ಎರಡೇ ವರ್ಷ ಹಳೆಯದು, ನಿವೃತ್ತ ಟೀಚರೊಬ್ಬರು ಚರ್ಚಿಗೂ ಪೇಟೆಗೂ ಮಾತ್ರ ಓಡಿಸಿದ್ದು. ನಮ್ಮವರು ಅರ್ಧ ತಾಸು ಕಿವಿಗೊಟ್ಟು ನಿಂತರು. ಟೀಚರಮ್ಮ ಗಾಬರಿಯಾಗಿ ಒಳಗೆ ಹೋಗಿ ನೀರು ತಂದುಕೊಟ್ಟರು. ಕೊನೆಗೆ ನಮ್ಮವರು, "ನಿದ್ದಿ ಮಾಡೋ ಕೂಸಿನಂಗೈತಿ" ಎಂದರು. ಆಟೋಮ್ಯಾಟಿಕ್ ಗೇರಿನ ಕಾರು. ಕ್ಲಚ್ಚು ನನ್ನ ಎಡಗಾಲಿಗೆ ಒಲಿಯುವುದಿಲ್ಲ ಎಂದು ಗೊತ್ತಾದ ಮೇಲೆ ಎಡಗಾಲಿಗೆ ಕೆಲಸವೇ ಇಲ್ಲದ ಕಾರನ್ನು ಹುಡುಕಿದ್ದರು. ತಾವು ಓಡಿಸಿದಾಗ ಮಾತ್ರ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಮ್ಯಾಟನ್ನು ಒತ್ತುತ್ತಿತ್ತು.

ಅವರು ಹೋದ ಮೇಲೆ ಚಳಿಗಾಲವೆಲ್ಲ ನಾನು ಆ ಕಾರಿನಲ್ಲೇ ಕೆಲಸಕ್ಕೆ ಹೋಗಿ ಬಂದೆ. ಗೋಡಂಬಿ ಹಣ್ಣಾಗುವ ಹೊತ್ತಿಗೆ ಮೊದಲು ಸಪ್ಪಳ ಶುರುವಾಯಿತು. ತಿರುವಿನಲ್ಲಿ ಎಂಜಿನ್ನಿನ ಕಡೆಯಿಂದ ಗಡಗಡ, ನೇರ ರಸ್ತೆಯಲ್ಲಿ ಮೌನ. ಒಂದೆರಡು ವಾರದಲ್ಲಿ ನಡುಕವೂ ಸೇರಿತು. ಏರು ಹತ್ತುತ್ತ ಮೊದಲ ಗೇರು ಬಿಟ್ಟು ಎರಡನೆಯದಕ್ಕೆ ಹೋಗುವಾಗ ಕಾರು ಇಡೀ ಮೈ ಜಾಡಿಸುತ್ತಿತ್ತು, ಕೆರೆಯಿಂದ ಎದ್ದ ಎಮ್ಮೆಯ ಹಾಗೆ. ನಾನು ಅನುಮಾನದ ಪಟ್ಟಿ ಮಾಡಿದೆ. ಮೊದಲಿಗೆ ಪೆಟ್ರೋಲ್ ಬಂಕಿನವನು, ಆಮೇಲೆ ಚರ್ಚಿಗೆ ಮಾತ್ರ ಓಡಿಸಿದ್ದೇನೆ ಎಂದ ಟೀಚರಮ್ಮ, ಆಮೇಲೆ ನೆರೆಮನೆಯ ಪ್ರಭಾಬಾಯಿ. ಅವರ ಗೋಡಂಬಿ ಮರದ ನೆರಳಿನಲ್ಲಿ ನಾವು ಕಾರು ನಿಲ್ಲಿಸುವುದು ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಒಂದು ಬೆಳಿಗ್ಗೆ ನಾನು ಬಾನೆಟ್ ಎತ್ತಿ, ಆ ಉದ್ದನೆಯ ಸ್ಕ್ರೂಡ್ರೈವರನ್ನು ಒತ್ತಿ ಕಿವಿಗೆ ಹಚ್ಚಿಕೊಂಡೆ. ಎಂಜಿನ್ನಿನ ಒಳಗೆ ಒಂದು ಸಂತೆಯೇ ನಡೆದಿತ್ತು. ಯಾವುದು ಕೂಗು, ಯಾವುದು ನರಳಾಟ, ಒಂದೂ ತಿಳಿಯಲಿಲ್ಲ. "ಕಿತೆಂ ಗೋ, ಗಾಡಿ ಕಿತೆಂ ಸಾಂಗ್ತಾ?" ಎಂದು ಪ್ರಭಾಬಾಯಿ ಬೇಲಿಯ ಆಚೆಯಿಂದ ಕೇಳಿದರು. ಗಾಡಿ ಏನು ಹೇಳುತ್ತಿದೆ ಎಂದು ಅವರಿಗೆ ತಿಳಿಯಬೇಕಿತ್ತು. ನನಗೂ ಅದೇ ಬೇಕಿತ್ತು.

ನನ್ನ ಮೈದುನ ಶಿವಪ್ಪ ಕೆಪೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡಿಸುತ್ತಾನೆ. ಒಳ್ಳೆಯವನು, ಆದರೆ ಅವನ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ವಿಜಯಪುರದ ಕಡೆಯ ನಮ್ಮ ಊರಿನ ತನಕ ತಲುಪುತ್ತದೆ. ಒಂದು ದಿನ ನನ್ನ ಜೊತೆ ಕಾರಿನಲ್ಲಿ ಬಂದ. ಏರಿನಲ್ಲಿ ಕಾರು ನಡುಗಿದಾಗ ಬಾಗಿಲಿನ ಹಿಡಿ ಹಿಡಿದುಕೊಂಡು, "ವೈನಿ, ಅಣ್ಣ ಮೋಸ ಹೋಗ್ಯಾನ್ರಿ" ಎಂದ. "ಗೇರಬಾಕ್ಸ್ ಮೊದಲ ಹೋಗಿತ್ತು. ಆ ಟೀಚರ್ ಬಾಯಿ ಎಣ್ಣಿ ಗಿಣ್ಣಿ ಹಾಕಿ ಸುಮ್ಮನ ಕುಂದರಿಸ್ಯಾಳ. ಮಾರಿಬಿಡ್ರಿ." ಮರುದಿನ ಊರಿನಿಂದ ನನ್ನ ಓರಗಿತ್ತಿ ಫೋನ್ ಮಾಡಿ, "ಅವರ ಕಿವಿ ಕಡೀಕಡೀಕ ಮಂದ ಆಗಿತ್ತಂತ, ಹೌದೇನ್ರಿ?" ಎಂದು ಕೇಳಿದಳು.

ಅಲ್ಲಿಂದ ನನಗೆ ನಿದ್ದೆ ಕೆಟ್ಟಿತು. ಕಾರು ಹೋದರೆ ಹೋಗಲಿ, ಬಸ್ಸಿದೆ. ನಮ್ಮವರು ಬಿಟ್ಟುಹೋದದ್ದರಲ್ಲಿ ದೊಡ್ಡದು ಆ ಕಾರಲ್ಲ. ಅವರ ಕಿವಿ ತಪ್ಪುವುದಿಲ್ಲ ಎಂದು ನಾಲ್ಕು ಊರಿನ ಡ್ರೈವರುಗಳು ಆಡುತ್ತಿದ್ದ ಮಾತು ಅದಕ್ಕಿಂತ ದೊಡ್ಡದು. ಅವರು ಕೊನೆಗೆ ಆರಿಸಿದ ಗಾಡಿಯೇ ಕೊಳೆತದ್ದು ಎಂದಾದರೆ ಆ ಮಾತು ಹೋಯಿತು. ಕಾರಿನ ರೋಗ ಏನೆಂದು ಪತ್ತೆ ಮಾಡಿ, ಅವರು ಮೋಸ ಹೋಗಿಲ್ಲ ಎಂದು ತೋರಿಸಬೇಕು. ಇದು ನಾನು ಹಿಡಿದ ಹಟ.

ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ಕಾರಿಗಿಂತ ಮೊದಲು ನಮ್ಮನ್ನು ಸೋಫಾದ ಮೇಲೆ ಕೂರಿಸಿ ಕಾಫಿ ಕೊಡುತ್ತಾರೆ. ಇಷ್ಟು ಮರ್ಯಾದೆ ಯಾಕೆ ಎಂದು ನನಗೆ ಅಲ್ಲಿಯೇ ಅನುಮಾನ. ಇಸ್ತ್ರಿ ಮಾಡಿದ ಅಂಗಿಯ ಸರ್ವಿಸ್ ಅಡ್ವೈಸರ್ ಕಾರನ್ನು ಹೆದ್ದಾರಿಗೆ ಒಯ್ದು, ಸಪಾಟು ರಸ್ತೆಯಲ್ಲಿ ಏಸಿ ಹಾಕಿಕೊಂಡು ಓಡಿಸಿ ತಂದು, ಕಾಗದದ ಮೇಲೆ 'ಯಾವ ತೊಂದರೆಯೂ ಕಂಡುಬಂದಿಲ್ಲ' ಎಂದು ಬರೆದ. ನಮ್ಮ ಕಾರ್ಖಾನೆಯಲ್ಲೂ ಹೀಗೆಯೇ. ದಿನವಿಡೀ ಅರ್ಧಮರ್ಧ ಗುಳಿಗೆ ಉಗುಳುವ ಯಂತ್ರ ಎಂಜಿನಿಯರ್ ಬಂದು ನಿಂತ ಕೂಡಲೇ ವಿನಯದಿಂದ ನಡೆಯುತ್ತದೆ. ಸಪ್ಪಳದ ಮಾತೆತ್ತಿದರೆ, ಈ ಮಾಡೆಲ್ಲಿನ ಗುಣವೇ ಹಾಗೆ ಎಂದ. ನಮ್ಮತ್ತೆಯೂ ಮಗನ ಸಿಟ್ಟಿನ ಬಗ್ಗೆ ಇದೇ ಮಾತು ಹೇಳುತ್ತಿದ್ದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಅದೇ ಹುಡುಗ ಗೇರಿನ ಒಳಗಿನ ಕ್ಲಚ್ಚಿನ ಸೆಟ್ಟನ್ನು ಪೂರಾ ಬದಲಿಸಬೇಕಾಗಬಹುದು ಎಂದ. ಎರಡು ವಾರದಲ್ಲಿ ಇಲ್ಲದ ರೋಗ ಇಡೀ ದೇಹಕ್ಕೆ ಹರಡಿತ್ತು. ಆಗ ಹೇಳಿದ್ದು ಸುಳ್ಳೋ, ಈಗ ಹೇಳಿದ್ದು ಸುಳ್ಳೋ ಎಂದು ಯೋಚಿಸುತ್ತ, ಎರಡೂ ಸುಳ್ಳಿರಬಹುದು ಎಂದು ತೀರ್ಮಾನಿಸಿ ಕಾರು ವಾಪಸು ತಂದೆ.

ಉಳಿದವರು ಇಮಾಮಸಾಬರು. ಗದಗಿನ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿ ಲಾರಿ, ಟಿಪ್ಪರುಗಳ ಗ್ಯಾರೇಜು ನಡೆಸುತ್ತಿರುವವರು, ನಮ್ಮವರ ಗೆಳೆಯರು. ಅವರ ಬಳಿ ಮೊದಲೇ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಅವರೂ ಅದನ್ನೇ ಕೇಳಿದರು.

"ಅಕ್ಕಾರ, ಇಷ್ಟ ದಿನಾ ನನ್ನ ಕಡೆ ಯಾಕ ಬರಲಿಲ್ರಿ?"

"ನೀವು ನನ್ನ ನೋಡಿದ್ರ ಅಳ್ತೀರಿ. ಆಮ್ಯಾಲ ನಾನ ಸಮಾಧಾನ ಮಾಡಬೇಕು."

"ಈಗೆಲ್ಲಿ ಅಳಾಕತ್ತೇನಿ? ಬರ್ರಿ, ಗಾಡಿ ತೋರಸ್ರಿ," ಎಂದು ಎಣ್ಣೆಯ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡರು. ಮುಖದ ಮೇಲೆ ಕರಿ ಬಳಿದುಕೊಂಡಿತು.

ಕಾರಿನ ಕೆಳಗೆ ಹೋಗಿ ಎಂಜಿನ್ನಿನ ಅಡಿಯ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿದರು. ಒಳಗಿನಿಂದ ಬಂದದ್ದನ್ನು ನೋಡಿ ಮಲಗಿದಲ್ಲೇ ನಗತೊಡಗಿದರು. ಹೊರಗೆ ಬಂದು ನನ್ನ ಅಂಗೈಯಲ್ಲಿ ಸುರಿದರು. ಒಂದು ಹಿಡಿ ಗೋಡಂಬಿ ಬೀಜ, ಸಿಪ್ಪೆ ಸಮೇತ. "ಇಲಿ ತಂದು ಕೂಡಿಟ್ಟೈತ್ರಿ. ತಿರುವಿನ್ಯಾಗ ಅತ್ತಾಗಿತ್ತಾಗ ಉಳ್ಳಾಡತಿದ್ವು. ತಗೋರಿ ನಿಮ್ಮ ಎಂಜಿನ್ ಸಪ್ಪಳ. ಹುರಕೊಂಡು ತಿನ್ರಿ." ಈ ಮಾಡೆಲ್ಲಿನ ಗುಣ ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಪ್ರಭಾಬಾಯಿಯ ಮೇಲೆ ನನ್ನ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು. ಬೀಜವಂತೂ ಅವರ ಮರದ್ದೇ.

"ಆದ್ರ ನಡುಗೋದು ಇಲಿ ಕೆಲಸ ಅಲ್ರಿ," ಎಂದರು ಇಮಾಮಸಾಬರು. ತಾವೇ ಒಂದು ಸುತ್ತು ಓಡಿಸಿದರು. ಆಮೇಲೆ ಇಳಿದು, "ಈಗ ನೀವು ನಡಸ್ರಿ. ದಿನಾ ಹೆಂಗ ಮನಿಗೆ ಹೋಗ್ತೀರಿ ಹಂಗ. ನಾ ಬಾಜೂ ಕುಂದರ್ತೀನಿ" ಎಂದರು. ಆ ಸೀಟಿನಲ್ಲಿ ಆರು ತಿಂಗಳಿಂದ ಹೆಚ್ಚಾಗಿ ನನ್ನ ಊಟದ ಡಬ್ಬಿಯ ಚೀಲವೇ ಕೂರುತ್ತಿತ್ತು. ಅದನ್ನು ಹಿಂದಕ್ಕೆ ಇಟ್ಟೆ.

ಏರಿನ ಅರ್ಧಕ್ಕೆ ಬಂದಾಗ ಮುಂದಿನ ಬಸ್ಸು ಜನ ಇಳಿಸಲು ನಿಂತಿತು. ನಾನೂ ನಿಂತೆ. ಎಕ್ಸಲೇಟರ್ ಮೇಲೆ ಕಾಲನ್ನು ಹದವಾಗಿ ಇಟ್ಟು, ಕಾರು ಒಂದು ಬೆರಳಷ್ಟೂ ಹಿಂದೆ ಸರಿಯದಂತೆ, ಮುಂದೆಯೂ ಹೋಗದಂತೆ ಹಿಡಿದೆ. ಇಮಾಮಸಾಬರು ನೋಡಲಿ ಎಂದು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಅಕ್ಕಾರ, ಗಾಡಿ ನಿಂತೈತಿ. ಕಾಲು ಎಲ್ಲೈತ್ರಿ?"

"ಎಕ್ಸಲೇಟರ್ ಮ್ಯಾಲ."

"ಬ್ರೇಕ್ ಯಾಕ ಹಿಡದಿಲ್ರಿ?"

"ಬ್ರೇಕು ಅಂಜುಬುರುಕರು ಹಿಡಿಯೋದು," ಎಂದೆ.

ಬಸ್ಸು ಹೊರಡುವ ತನಕ ಅವರು ನನ್ನ ಬಲಗಾಲನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಜೆಟ್ಟಿ ಲೈನು" ಎಂದರು.

ಮನೆಯ ಮುಂದೆ ಕಾರು ನಿಲ್ಲಿಸಿದ ಮೇಲೆ ಬಿಡಿಸಿ ಹೇಳಿದರು. ಗಣಿ ನಡೆಯುತ್ತಿದ್ದಾಗ ಜೆಟ್ಟಿಗೆ ಹೋಗುವ ರಸ್ತೆಯ ಏರಿನಲ್ಲಿ ಟಿಪ್ಪರುಗಳು ಒಂದಕ್ಕೊಂದು ಮೂತಿ ತಾಗಿಸಿ ತಾಸುಗಟ್ಟಲೆ ಸಾಲು ನಿಲ್ಲುತ್ತಿದ್ದವಂತೆ. ಹ್ಯಾಂಡ್‌ಬ್ರೇಕನ್ನು ಯಾರೂ ನಂಬುತ್ತಿರಲಿಲ್ಲ. ತುಂಬಿದ ಗಾಡಿ ಒಂದು ಗೇಣು ಹಿಂದೆ ಜಾರಿದರೆ ಹಿಂದಿನವನ ಕಥೆ ಮುಗಿಯಿತು. ಅದಕ್ಕೆ ಡ್ರೈವರುಗಳು ಅರ್ಧ ಕ್ಲಚ್ಚು, ಎಕ್ಸಲೇಟರ್ ಎರಡನ್ನೂ ತೂಗಿ ಹಿಡಿದು ನಿಲ್ಲುತ್ತಿದ್ದರು. ಅದರಲ್ಲಿ ನಮ್ಮವರನ್ನು ಮೀರಿಸಿದವರಿರಲಿಲ್ಲ.

"ಅಂವಾ ಸುಟ್ಟ ಕ್ಲಚ್ ಪ್ಲೇಟೆಲ್ಲ ಬದಲ ಮಾಡಿದಾಂವ ನಾನ ಅಲ್ಲೇನ್ರಿ? ಪ್ಲೇಟು ಸುಟ್ರ ಸುಡಲಿ ಅಂತನ ಓಡಸ್ತಿದ್ರು ಅವಾಗ. ಮತ್ತ ಟಿಪ್ಪರಿನ್ಯಾಗ ಕ್ಲಚ್ ಕಾಲಾಗ ಇರ್ತೈತಿ, ಗೊತ್ತಾಗತೈತಿ. ಈ ಗಾಡ್ಯಾಗ ಒಳಗ ಎರಡು ಕ್ಲಚ್ ಅದಾವ, ಕಂಪ್ಯೂಟರ್ ಹಿಡೀತೈತಿ. ನೀವು ಏರಿನ್ಯಾಗ ಎಕ್ಸಲೇಟರ್ ಮ್ಯಾಲ ನಿಂತ್ರ, ಅದು ಪಾಪ ಅರ್ಧಾ ಹಿಡದು ಅರ್ಧಾ ಬಿಟ್ಟು ಸುಡಕೋತ ನಿಂದರ್ತೈತಿ. ಬಾಯಿಲ್ಲ ಅದಕ್ಕ. ನಡುಗತೈತಿ."

ನನಗೆ ಸಿಟ್ಟು ಬಂತು. "ಇಲ್ಲದವರ ಮ್ಯಾಲ ತಪ್ಪು ಹಾಕೋದು ಹಗರ ಅಲ್ಲೇನ್ರಿ?" ಎಂದೆ.

"ಇದ್ದಾಗೂ ಅಂವಾಗ ಹೇಳೀನ್ರಿ ಅಕ್ಕಾರ, ಹೊಸಾ ಗಾಡಿ ಹಂಗ ಹಿಡೀಬ್ಯಾಡ ಅಂತ. 'ನೀ ನಟ್ಟು ತಿರುವು, ಗಾಡಿ ನನಗ ಬಿಡು' ಅಂದ."

ಈ ಮಾತು ನಮ್ಮವರದ್ದೇ. ಅದರಲ್ಲಿ ಅನುಮಾನ ಬರಲಿಲ್ಲ. ಆದರೂ ಇಮಾಮಸಾಬರನ್ನೂ ಪಟ್ಟಿಗೆ ಸೇರಿಸಿ ಒಳಗೆ ಹೋದೆ. ಕಾರಿನ ಜೊತೆ ಬಂದ ಪುಸ್ತಕವನ್ನು ಹುಡುಕಿ ತೆಗೆದೆ. ಟೀಚರಮ್ಮನೂ ಓದಿರಲಿಲ್ಲ, ನಮ್ಮವರೂ ಓದಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಹಾಗೆಯೇ ಇತ್ತು. ನನ್ನ ಹತ್ತನೇ ಇಯತ್ತೆಯ ಇಂಗ್ಲಿಷಿಗೆ ಅದು ಒಗ್ಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ಸವಿತಾ ಓದಿ ಅರ್ಥ ಹೇಳಿದಳು. ಏರಿನಲ್ಲಿ ಗಾಡಿಯನ್ನು ಎಕ್ಸಲೇಟರಿನಿಂದ ಹಿಡಿದು ನಿಲ್ಲಿಸಬಾರದು, ಬ್ರೇಕ್ ಒತ್ತಬೇಕು, ಇಲ್ಲದಿದ್ದರೆ ಕ್ಲಚ್ ಕಾದು ಕೆಡುತ್ತದೆ. ಸುತ್ತ ಒಂದು ಚೌಕಟ್ಟು, ಪಕ್ಕದಲ್ಲಿ ಎಚ್ಚರಿಕೆಯ ತ್ರಿಕೋನ. "ಇನ್ನೊಮ್ಮೆ ಓದು" ಎಂದೆ. ಓದಿದಳು. "ಕನ್ನಡದಾಗ ಬ್ಯಾರೆ ಅರ್ಥ ಬರಬಹುದೇನು?" ಎಂದೆ. "ಇಲ್ಲವ್ವಾ. ಪಪ್ಪಾ ತಪ್ಪು ಕಲಿಸ್ಯಾರ" ಎಂದು ಹೇಳಿ ಪುಸ್ತಕ ಮುಚ್ಚಿ, ನನ್ನ ಪಕ್ಕದಲ್ಲೇ ಸುಮಾರು ಹೊತ್ತು ಕುಳಿತಿದ್ದಳು.

ಪೆಟ್ರೋಲ್ ಬಂಕಿನವನು, ಟೀಚರಮ್ಮ, ಪ್ರಭಾಬಾಯಿ, ಅಡ್ವೈಸರ್, ಇಮಾಮಸಾಬರು. ಇಷ್ಟೂ ಜನರನ್ನು ಜರಡಿ ಹಿಡಿದೆ; ಕೊನೆಗೆ ನಾನು ಯಾರ ಮೇಲೆ ಅನುಮಾನಪಡಲೇ ಇಲ್ಲವೋ ಅವರೇ ಸಿಕ್ಕಿಬಿದ್ದಿದ್ದರು. ಕಾರಿನ ಎಂಜಿನ್ನು, ಗೇರು ಎಲ್ಲ ಕೊಳ್ಳುವಾಗ ಚೆನ್ನಾಗಿಯೇ ಇದ್ದವು ಎಂದು ಇಮಾಮಸಾಬರು ಆಣೆ ಮಾಡಿ ಹೇಳಿದರು. ಅಂದರೆ ಕಿವಿ ತಪ್ಪಿರಲಿಲ್ಲ. ಪಾಠ ತಪ್ಪಿತ್ತು. ನಮ್ಮವರು ಗಾಡಿ ಕೊಳ್ಳುವುದರಲ್ಲಿ ಮೋಸ ಹೋಗಿಲ್ಲ ಎಂದು ನಾನು ಜನರೆದುರು ಸಾಧಿಸಬೇಕಾದರೆ, ಅವರು ಕಲಿಸಿದ್ದು ಗಾಡಿಯನ್ನು ಸುಟ್ಟಿತು ಎಂದು ಒಪ್ಪಬೇಕು. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬಹುದು ಅಷ್ಟೆ.

ಪ್ಲೇಟು ಪೂರ್ತಿ ಸುಟ್ಟಿಲ್ಲ, ಮೇಲೆ ಹೊಳಪು ಹಿಡಿದಿದೆ, ಸರಿಯಾಗಿ ಓಡಿಸಿದರೆ ತಾನೇ ಉಜ್ಜಿ ಹೋಗುತ್ತದೆ ಎಂದರು ಇಮಾಮಸಾಬರು. ಆದರೆ ಗೇರಿನ ಕಂಪ್ಯೂಟರು ನಮ್ಮ ಓಡಿಸುವ ರೀತಿಗೆ ಒಗ್ಗಿಕೊಂಡಿರುತ್ತದಂತೆ. ಅದನ್ನು ಅಳಿಸಿ ಹೊಸದಾಗಿ ಕಲಿಸಲು ಕಂಪನಿಯವರ ಹತ್ತಿರ ಮಾತ್ರ ಯಂತ್ರವಿದೆ. ಮತ್ತೆ ಅದೇ ಸೋಫಾ, ಅದೇ ಕಾಫಿ. ಹಳೆಯ ಡ್ರೈವಿಂಗನ್ನು ಗಾಡಿ ಮರೆಯುತ್ತದೆ, ಮೇಡಂ, ಒಪ್ಪಿಗೆಯ ಸಹಿ ಬೇಕು ಎಂದು ಅಡ್ವೈಸರ್ ಹಿಂದಿಯಲ್ಲಿ ಹೇಳಿದ. ಯಾರ ಡ್ರೈವಿಂಗು ಎಂದು ಕೇಳಿದೆ. ನಿಮ್ಮದೇ ಎಂದ. ಆ ಹುಡುಗನಿಗೇನು ಗೊತ್ತು. ಅರ್ಧ ಕಾಫಿ ಮುಗಿಯುವ ತನಕ ಪೆನ್ನು ಹಿಡಿದು ಕುಳಿತಿದ್ದು, ಆಮೇಲೆ ಸಹಿ ಮಾಡಿದೆ. ಮರೆಯಲು ಗಾಡಿಗೆ ಕಾಲು ಗಂಟೆ ಸಾಕಾಯಿತು. ನನ್ನ ಕಾಲಿಗೆ ಮೂರು ವಾರ ಹಿಡಿಯಿತು. ಏರಿನಲ್ಲಿ ನಿಂತಾಗಲೆಲ್ಲ "ಬ್ರೇಕು, ಬ್ರೇಕು" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಒತ್ತಿದಾಗಲೆಲ್ಲ ಅವರ ಎದುರಿಗೇ ಮಾತು ಮೀರಿದಂತೆ ಆಗುತ್ತಿತ್ತು.

ಮಳೆ ಹಿಡಿಯುವ ಮುಂಚಿನ ಭಾನುವಾರ ಶಿವಪ್ಪ ಬಂದ. ಕಾರು ಕೊಳ್ಳುವವನೊಬ್ಬನ ನಂಬರ್ ತಂದಿದ್ದ. "ಮೊದಲ ಒಂದು ರೌಂಡ್ ಹೋಗಿ ಬರೂಣು" ಎಂದು ಕೂರಿಸಿಕೊಂಡು ಹೊರಟೆ. ಏರಿನ ನಟ್ಟನಡುವೆ ಬೇಕೆಂದೇ ನಿಲ್ಲಿಸಿದೆ. ಬ್ರೇಕ್ ಒತ್ತಿದೆ. ಬಿಟ್ಟೆ. ಕಾರು ಹಾಲಿನಂತೆ ಹರಿದು ಮೇಲೆ ಹೋಯಿತು.

"ನಡಗಲೇ ಇಲ್ಲಲ್ರಿ ವೈನಿ! ಏನಾಗಿತ್ತು ಮತ್ತ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಜೆಟ್ಟಿ ಲೈನು, ಅರ್ಧ ಕ್ಲಚ್ಚು, ಪುಸ್ತಕದ ತ್ರಿಕೋನ, ಎಲ್ಲ. ಸಂಜೆಯೊಳಗೆ ಅದು ಊರು ಮುಟ್ಟುತ್ತಿತ್ತು.

"ನನ್ನ ಕಾಲು" ಎಂದೆ. "ನಾನ ತಪ್ಪು ಹಿಡೀತಿದ್ದೆ. ಗಾಡಿ ಚಲೋ ಐತಿ. ನಿಮ್ಮಣ್ಣ ಮೋಸ ಹೋಗಿಲ್ಲ."

ಶಿವಪ್ಪನ ಮುಖ ಅರಳಿತು. "ನಾ ಮೊದಲ ಅಂದಿದ್ನೆಲ್ರಿ! ಅಣ್ಣನ ಕಿವಿ ತಪ್ಪೋದುಂಟೇನು? ಅಂವಾ ಬರೋಬ್ಬರಿ ಕಲಿಸಿರ್ತಾನ, ನಿಮ್ಮ ತಲಿಗೆ ಹೋಗಿಲ್ಲ." ಅಲ್ಲಿಯೇ ಫೋನು ತೆಗೆದು ಊರಿಗೆ ಹಚ್ಚಿದ. ಹೆಂಗಸರ ಕೈಯಲ್ಲಿ ಗಾಡಿ ಕೊಟ್ಟರೆ ಹೀಗೆ ಎಂದು ಓರಗಿತ್ತಿಗೆ ವಿವರಿಸುವುದು, ಅವಳು ನಗುವುದು ಎಲ್ಲ ಸ್ಪೀಕರಿನಲ್ಲಿ ಕೇಳಿಸಿತು. ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ರಸ್ತೆ ನೋಡುತ್ತಿದ್ದೆ. ಕಿವಿಯೂ ಉಳಿಯಿತು, ಪಾಠವೂ ಉಳಿಯಿತು. ಹೋದದ್ದು ನನ್ನ ಕಾಲಿನ ಮಾನ ಒಂದೇ. ಅದಕ್ಕೆ ಮೊದಲೂ ಅಂಥ ಮಾನವೇನಿರಲಿಲ್ಲ.

ನಮ್ಮದು ಹತ್ತೊಂಬತ್ತು ವರ್ಷದ ಸಂಸಾರ. ಅಷ್ಟು ವರ್ಷದಲ್ಲಿ ಗಾಡಿಯ ವಿಷಯವಾಗಿ ನಾನು ಸರಿ, ಅವರು ತಪ್ಪು ಎಂದು ಆದದ್ದು ಇದೊಂದೇ ಸಲ. ಬರೆದ ಪುರಾವೆ ಇದೆ, ಸಾಕ್ಷಿ ಇದ್ದಾರೆ. ಹೇಳಿದರೆ ಒಪ್ಪುತ್ತಿರಲಿಲ್ಲ, ನನಗೆ ಗೊತ್ತು, ಕಂಪನಿಯವನನ್ನೇ ಬೈಯುತ್ತಿದ್ದರು. ಒಪ್ಪುವುದು ಬೇಡ. ಹೇಳಬೇಕೆಂದರೆ ಅವರು ಇಲ್ಲ.